ಎರಡು ದಿನದ ತರಬೇತಿ ನಾನೇ ಕೊಡಬೇಕಂತೆ. 21 ಹೆಸರಿನ ಪಟ್ಟಿ ಬಿಟ್ಟು ಟೀಚರುಗಳಿಗೆ ಏನು ಹೇಳಲಿ?

ಹತ್ತಿಸೀಮೆ ಟೀಚರ್, ಯಾದಗಿರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಶಹಾಪುರ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ, ಹದಿನಾಲ್ಕು ವರ್ಷ ಆಯಿತು. ಮುಂದಿನ ತಿಂಗಳು ಸುತ್ತಲಿನ ಶಾಲೆಗಳ 38 ಶಿಕ್ಷಕರಿಗೆ ಸಮನ್ವಯ ಶಿಕ್ಷಣದ ಬಗ್ಗೆ, ಅಂದರೆ ಅಂಗವೈಕಲ್ಯ ಇರುವ ಮಕ್ಕಳಿಗೂ ಎಲ್ಲರ ಜೊತೆ ಒಂದೇ ತರಗತಿಯಲ್ಲಿ ಕಲಿಸುವ ಬಗ್ಗೆ, ಎರಡು ದಿನ ತರಬೇತಿ ಇದೆ. ಸಂಪನ್ಮೂಲ ವ್ಯಕ್ತಿ ನಾನು. ಯಾಕೆ ನಾನು ಅಂದರೆ, ಈ ವಿಷಯದ ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತೋರಿಸಿದವಳು ನಾನೊಬ್ಬಳೇ. ತೋರಿಸಬಾರದಿತ್ತು.

ಕೈಗೆ 64 ಸ್ಲೈಡಿನ ಪಿಪಿಟಿ ಬಂದಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು ಅಂತ ಶುರು. ಆಮೇಲೆ ಆ 21ರ ಹೆಸರು, ಲಕ್ಷಣ, ಶೇಕಡಾವಾರು. ಗೊತ್ತಿರಬೇಕಾದ್ದೇ, ಇಲ್ಲ ಅನ್ನಲ್ಲ. ಆದರೆ ಅದನ್ನು ಓದುವುದರಲ್ಲೇ ಮೊದಲ ದಿನದ ಊಟದ ಹೊತ್ತಾಗುತ್ತದೆ. ಊಟ ಆದ ಮೇಲೆ ಎಷ್ಟು ಜನ ಎಚ್ಚರ ಇರುತ್ತಾರೆ? ನಾನೇ ಇಂಥ ಮೂರು ತರಬೇತಿಗೆ ಕೂತು ಬಂದಿದ್ದೇನೆ. ಚಹಾ ಕುಡಿದು, ಸಹಿ ಮಾಡಿ, ಓಓಡಿ ಪತ್ರ (ಬೇರೆ ಕರ್ತವ್ಯದ ಮೇಲಿದ್ದೆವು ಅನ್ನೋ ಹಾಜರಿ ಚೀಟಿ) ತಗೊಂಡು ವಾಪಸ್. ಸೋಮವಾರ ತರಗತಿಗೆ ಹೋದರೆ ಎಲ್ಲ ಹಿಂದಿನ ಹಾಗೇ.

ನನಗೆ ನಿಜವಾಗಿ ಬೇಕಾಗಿರೋದು ಏನು ಅಂದರೆ, ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹತ್ತಿ ಬಿಡಿಸುವ ಕಾಲಕ್ಕೆ ಅವ್ವನ ಜೊತೆ ಹೊಲಕ್ಕೆ ಹೋಗುತ್ತಾನೆ. ಯಾರು ಎಷ್ಟು ಕೆಜಿ ಬಿಡಿಸಿದರು, ಯಾರಿಗೆ ಎಷ್ಟು ಕೂಲಿ ಬರಬೇಕು ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾನೆ. ಅದೇ ಲೆಕ್ಕವನ್ನು ಹಲಗೆ ಮೇಲೆ ವಾಕ್ಯ ಮಾಡಿ ಬರೆದರೆ ಮುಖ ಬಾಡುತ್ತದೆ. 'ಸೂರ್ಯ' ಅಂತ ಇದ್ದರೆ 'ಸೂಯ್ರ' ಅಂತ ಓದುತ್ತಾನೆ. 'ವರ್ಷ' ಅವನ ಬಾಯಲ್ಲಿ 'ವಷ್ರ'. ಪಾಪ, ತಪ್ಪು ಪೂರ್ತಿ ಅವನದಲ್ಲ. ನಮ್ಮ ಅರ್ಕಾವತ್ತು ಬರೆಯುವಾಗ ಹಿಂದೆ, ಓದುವಾಗ ಮುಂದೆ. ಪ, ವ, ಮ, ಷ ಎಲ್ಲ ಅಣ್ಣತಮ್ಮಂದಿರ ಹಾಗೆ. ನಲಿ-ಕಲಿಯಲ್ಲಿ (ಕಾರ್ಡು, ಚಟುವಟಿಕೆಯಿಂದ ಕಲಿಯುವ ಪದ್ಧತಿ, ಅದರಲ್ಲಿ ಮಕ್ಕಳ ಗುಂಪಿಗೆ ತಟ್ಟೆ ಅಂತಾರೆ) ಮೂರನೇ ತರಗತಿವರೆಗೂ ತಟ್ಟೆಯಿಂದ ತಟ್ಟೆಗೆ ಹೇಗೋ ದಾಟಿದ, ಕಾರ್ಡಿನ ಚಿತ್ರ ನೋಡಿ, ಪಕ್ಕದವನ ಬಾಯಿ ನೋಡಿ. ನಾಲ್ಕಕ್ಕೆ ಬಂದ, ಪಠ್ಯಪುಸ್ತಕ ಕೈಗೆ ಬಂತು, ಅಲ್ಲೇ ನಿಂತ.

ಪಿಪಿಟಿಯಲ್ಲಿ ಇವನಂಥವರಿಗೆ ಇರೋದು ಒಂದೇ ಸ್ಲೈಡ್. 'ಮಗು ಬಿ ಬದಲು ಡಿ ಬರೆಯುತ್ತದೆ' ಅಂತ ಇದೆ. ನಮ್ಮ ಹುಡುಗರು ಓದೋದು ಕನ್ನಡ ಸ್ವಾಮಿ!

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮೊದಲ ಶಾಲೆಯಲ್ಲಿ ಒಬ್ಬ ಎತ್ತರದ ಹುಡುಗ ಇದ್ದ. ಎತ್ತರ ಅಂತ ಹಿಂದಿನ ಸಾಲು. ಹಲಗೆ ಮೇಲಿನದು ಒಂದೂ ಬರೆದುಕೊಳ್ಳುತ್ತಿರಲಿಲ್ಲ. ಎರಡು ವರ್ಷ ಅವನನ್ನು ಸೋಮಾರಿ ಅಂತ ಕರೆದೆ, ಎಷ್ಟೋ ಸಲ ನಿಲ್ಲಿಸಿದೆ. ಐದನೇ ತರಗತಿಯಲ್ಲಿ ಕಣ್ಣು ಪರೀಕ್ಷೆ ಆಯಿತು, ದಪ್ಪ ಕನ್ನಡಕ ಬಂತು. ಕನ್ನಡಕ ಹಾಕಿಕೊಂಡು ಬಂದ ದಿನ ಹಲಗೆ ನೋಡಿ, 'ಟೀಚರ್, ನೀವು ಸಣ್ಣಕ್ಕರದಾಗೂ ಬರೀತಿದ್ರಿ ಏನ್ರಿ' ಅಂದ. ನನಗೆ ಆಗ ಡಿ.ಇಡಿ. ಇತ್ತು, ತರಬೇತಿ ಆಗಿತ್ತು, ಎಲ್ಲ ಇತ್ತು.

ಹಾಗಾಗಿ ಕೇಳುತ್ತಿದ್ದೇನೆ. ಎರಡೇ ದಿನ ಇದೆ. ನೀವಾದರೆ ಏನು ಮಾಡಿಸುತ್ತಿದ್ದಿರಿ, ಏನನ್ನು ಬಿಡುತ್ತಿದ್ದಿರಿ?

ಬೈಕ್ ಮೇಲಿನ ಶಾಲೆ, ಕಲಬುರಗಿ ಜಿಲ್ಲೆ

ಮೇಡಂ, ನಾನು ಬಿಐಇಆರ್‌ಟಿ. ಗೊತ್ತಿಲ್ಲದವರಿಗೆ: ಒಂದು ಬ್ಲಾಕಿನ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತೇನೆ. ಬೈಕೇ ನನ್ನ ಆಫೀಸು.

ಮೊದಲು ಬಿಡಬೇಕಾದ್ದು ಹೇಳುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಮಾಡಿಸಬೇಡಿ. ನಾನೂ ಮಾಡಿಸಿದ್ದೇನೆ. ಹತ್ತು ನಿಮಿಷ ತಡವರಿಸುತ್ತಾರೆ, ಒಬ್ಬಿಬ್ಬರು ಕಣ್ಣೀರು ಹಾಕುತ್ತಾರೆ, 'ಅಯ್ಯೋ ಪಾಪ' ಅಂತ ಮನೆಗೆ ಹೋಗುತ್ತಾರೆ. ಕುರುಡು ಮಗುವಿಗೆ ಪಾಠ ಮಾಡೋದು ಹೇಗೆ ಅಂತ ಅದರಿಂದ ಯಾರೂ ಕಲಿತಿದ್ದು ನಾನು ನೋಡಿಲ್ಲ.

ಅದರ ಬದಲು ಒಂದು ತೆಲುಗು ಹಾಳೆ ತನ್ನಿ. ನಾಲ್ಕನೇ ತರಗತಿ ಮಟ್ಟದ ಒಂದು ಪುಟ ಸಾಕು. ಒಬ್ಬ ಶಿಕ್ಷಕರನ್ನು ಎಬ್ಬಿಸಿ ಓದಿಸಿ. ಗ, ರ, ನ, ಲ ಎಲ್ಲ ನಮ್ಮವೇ ಅನ್ನಿಸುತ್ತವೆ. ಧೈರ್ಯವಾಗಿ ಶುರು ಮಾಡುತ್ತಾರೆ. ಕ ಬಂದಾಗ ಎಡವುತ್ತಾರೆ, ತ ಬಂದಾಗ ನಿಲ್ಲುತ್ತಾರೆ. ಆಗ ನೀವು ನಮ್ಮ ಎಂದಿನ ಮಾತುಗಳನ್ನೇ ಆಡಿ. 'ಜೋರಾಗಿ ಓದು. ಈಗ ತಾನೇ ಓದಿದ ಅಕ್ಷರ ಅಲ್ವಾ ಇದು? ಪಕ್ಕದವರು ನೋಡಿ ಎಷ್ಟು ಚೆನ್ನಾಗಿ ಓದುತ್ತಾರೆ.' ಓದಿ ಮುಗಿಸಿದ ಮೇಲೆ 'ಕಥೆ ಏನು ಹೇಳು' ಅನ್ನಿ. ಅಕ್ಷರ ಹುಡುಕುವುದರಲ್ಲೇ ತಲೆ ಖಾಲಿಯಾಗಿರುತ್ತದೆ, ಒಂದು ಮಾತೂ ನೆನಪಿರುವುದಿಲ್ಲ. ನಿಮ್ಮ ಹುಡುಗನಿಗೆ ದಿನಾ ಆಗೋದು ಇದೇ.

ಎರಡನೆಯದು, ಪ್ರತಿಯೊಬ್ಬರಿಗೂ ಮೂರು ನೋಟ್‌ಬುಕ್ ತರಲು ಹೇಳಿ. ಹೆಸರಿನ ಮೇಲೆ ಕಾಗದ ಅಂಟಿಸಿರಲಿ. 'ಈ ಮಗು ಓದೋದಿಲ್ಲ' ಅಂತ ಅವರು ಅಂದುಕೊಂಡಿರುವ ಮಕ್ಕಳ ಪುಸ್ತಕ. ತಪ್ಪುಗಳನ್ನು ಒಟ್ಟಿಗೆ ಕೂತು ನೋಡಿ. ಒಂದು ರಾಶಿ ಬರೀ ನಮ್ಮ ಮಾತು ಆಗಿರುತ್ತದೆ. 'ಬಂದಾನ', 'ಮನಿ', 'ಬಾರತ'. ಮನೆಯಲ್ಲಿ ಆಡಿದ್ದನ್ನು ಬರೆದಿದ್ದಾನೆ, ಕಿವಿ ಸರಿಯಾಗಿದೆ ಅಂತ ಖುಷಿಪಡಿ. ಇನ್ನೊಂದು ರಾಶಿ ಗೈರುಹಾಜರಿಯದು. ಅಪ್ಪ ಅವ್ವ ದುಡಿಯಲು ಪುಣೆಗೋ ಬೆಂಗಳೂರಿಗೋ ಹೋದರು, ಮಗು ಜೊತೆ ಹೋಯಿತು, ಒತ್ತಕ್ಷರ ಕಲಿಸಿದ ತಿಂಗಳು ಶಾಲೆಯಲ್ಲೇ ಇರಲಿಲ್ಲ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡರೆ ಇದು ಗೊತ್ತಾಗುತ್ತದೆ. ಕೂರಿಸಿ ಕಲಿಸಿದರೆ ಈ ಮಕ್ಕಳು ಬೇಗ ಹಿಡಿಯುತ್ತಾರೆ. ಇವೆರಡೂ ಅಲ್ಲದ ಮೂರನೇ ರಾಶಿ ಚಿಕ್ಕದು. ದಿನಾ ಬಂದಿದ್ದಾನೆ, ದಿನಾ ಕಲಿಸಿದ್ದೀರಿ, ಮಾತಿನಲ್ಲಿ ಚುರುಕು, ಆದರೂ ಅಕ್ಷರ ನಿಲ್ಲುತ್ತಿಲ್ಲ. ನಾವು ನಿಂತು ನೋಡಬೇಕಾದ್ದು ಅಲ್ಲಿ.

ಅವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಪಾಠವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿಸಿಕೊಂಡರೆ ಉತ್ತರ ಬರುತ್ತದೆ, ಓದಿದರೆ ಬರೋದಿಲ್ಲ ಅಂದರೆ ತೊಂದರೆ ಬುದ್ಧಿಯದಲ್ಲ, ಓದಿನದು. ಆದರೆ ಅದಕ್ಕಿಂತ ಮೊದಲು ಕಣ್ಣು, ಕಿವಿ. ನಿಮ್ಮ ಕನ್ನಡಕದ ಹುಡುಗನ ಕಥೆಯನ್ನೇ ತರಬೇತಿಯಲ್ಲಿ ಹೇಳಿ, 64 ಸ್ಲೈಡಿಗಿಂತ ಅದು ಒಳಗೆ ಇಳಿಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆಯಲ್ಲ, ಆ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಬಂದ ದಿನ ಮಕ್ಕಳನ್ನು ಸುಮ್ನೆ ಸಾಲಾಗಿ ನಿಲ್ಲಿಸುತ್ತೇವೆ. ಅವತ್ತು ಗೈರಾದವರು ಹೋದರು ಅಂತಲೇ ಲೆಕ್ಕ. ಹಾಗೆ ಮಾಡದೆ, ಯಾರ ಬಗ್ಗೆ ಏನು ಅನುಮಾನ ಅಂತ ಮೊದಲೇ ಬರೆದಿಟ್ಟು ಡಾಕ್ಟರ ಕೈಗೆ ಕೊಡಿ. ಕಿವಿ ಸೋರುವ ಮಕ್ಕಳನ್ನು ಬಿಡಲೇಬೇಡಿ, ನಮ್ಮ ಕಡೆ ಅದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ.

ತರಗತಿಯಲ್ಲಿ ಏನು ಮಾಡೋದು ಅಂದರೆ, ಅರ್ಕಾವತ್ತಿನ ಹತ್ತು ಪದಗಳನ್ನು ದೊಡ್ಡದಾಗಿ ಬರೆದು, ಆ ಒತ್ತಿಗೆ ಮಾತ್ರ ಕೆಂಪು ಬಣ್ಣ ಹಾಕಿ, ಅಲ್ಲಿಂದ ಹಿಂದಕ್ಕೆ ಒಂದು ಬಾಣ ಎಳೆಯಿರಿ. ಕೈ ಬಾಣದ ಜೊತೆ ಹೋಗಲಿ, ಬಾಯಿ ಆಮೇಲೆ. ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಒಂದೇ ಸಾಲು ಕಾಣುವ ಹಾಗೆ ಮಾಡಿ ಕೊಡಿ. ಹುಣಸೆಬೀಜ ಜೋಡಿಸಿ ಅಕ್ಷರ ಮಾಡಿಸಿ, ಆದರೆ ಒಂದು ದಿನಕ್ಕೆ ಎರಡೇ ಅಕ್ಷರ, ಅದೂ ಒಂದನ್ನೊಂದು ಹೋಲದವು. ಪ ಮತ್ತು ಷ ಒಟ್ಟಿಗೆ ಬೇಡ. ಪದವನ್ನು ತಿರುಗಿಸಿ ಹೇಳುವ ಆಟ ಆಡಿಸಿ, 'ಕಮಲ' ಅಂದರೆ 'ಲಮಕ'. ಹುಡುಗಿಯರು ಮಾತಿನ ನಡುವೆ ಒಂದೊಂದು ಅಕ್ಷರ ಸೇರಿಸಿ ಗುಟ್ಟು ಮಾತಾಡುತ್ತಾರಲ್ಲ, ಅದೂ ಒಳ್ಳೆಯದೇ. ಶಬ್ದ ಒಡೆಯೋದು ಕಲಿತವನಿಗೆ ಅಕ್ಷರ ಕೂಡಿಸೋದು ಸುಲಭ. ಮುಖ್ಯವಾಗಿ, ಹೇಳದೆ ಕೇಳದೆ ಎಬ್ಬಿಸಿ ಓದಿಸಬೇಡಿ. ನಾಳೆ ಯಾವ ಎರಡು ಸಾಲು ಓದಬೇಕು ಅಂತ ಇವತ್ತೇ ಕಿವಿಯಲ್ಲಿ ಹೇಳಿ ಕಳಿಸಿ.

ಕೊನೆಯದು. ಯಾವ ಶಿಕ್ಷಕರೂ ಮಗುವಿನ ಅಪ್ಪನಿಗೆ 'ನಿಮ್ಮ ಮಗನಿಗೆ ಡಿಸ್ಲೆಕ್ಸಿಯಾ' (ಬುದ್ಧಿ ಚುರುಕಿದ್ದೂ ಓದು ಬರಹ ಹಿಡಿಯದ ಕಲಿಕಾ ನ್ಯೂನತೆ) ಅಂತ ಹೇಳಬಾರದು. ಹೆಸರಿಡೋದು ತಜ್ಞರ ಕೆಲಸ. ಗುರುತಿಸಿ ಮುಂದೆ ಕಳಿಸೋದು ಮಾತ್ರ ನಮ್ಮದು. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಅಷ್ಟರೊಳಗೆ ಶಾಲೆಯಲ್ಲೇ ಮೊದಲ ಪರಿಶೀಲನೆ ಆಗಬೇಕು ಅಂತ 2018ರ ಮಾರ್ಗಸೂಚಿ ಹೇಳಿತ್ತು. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ ಅದಕ್ಕೆಂದೇ ಇರೋದು. ಆ್ಯಪ್ ತುಂಬಿದರೆ ಕೆಲಸ ಮುಗಿಯಿತು ಅಂತ ಮಾತ್ರ ಯಾರೂ ತಿಳಿಯಬಾರದು.

ಗಡಿ ಮಾಸ್ತರ

ಎಲ್ಲ ಸರಿ. ಕೇಳಲು ಚೆನ್ನಾಗಿದೆ. ತೆಲಂಗಾಣ ಗಡಿಯ ನನ್ನ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. 71 ಮಕ್ಕಳು. ಬೆಳಿಗ್ಗೆ ಹಾಲು, ಆಮೇಲೆ ಮೊಟ್ಟೆ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ (ಮಕ್ಕಳ ಮಾಹಿತಿ ಕಂಪ್ಯೂಟರಿಗೆ ತುಂಬೋದು), ಮತದಾರರ ಪಟ್ಟಿ. ಹುಣಸೆಬೀಜ ಜೋಡಿಸುವುದು ಯಾವಾಗ? ಒಬ್ಬನಿಗೆ ಕೆಂಪು ಬಾಣ ಎಳೆಯುತ್ತಾ ಕೂತರೆ ಉಳಿದ 70 ಮಕ್ಕಳು ಗಿಡ ಹತ್ತಿರುತ್ತಾರೆ.

ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ: ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ಅವರನ್ನು ಕೊಡಿ, ನಾನು ಕೈಮುಗಿದು ಸ್ವಾಗತ ಮಾಡುತ್ತೇನೆ. ಜನ ಕೊಡುವ ಜಾಗದಲ್ಲಿ ತರಬೇತಿ ಕೊಟ್ಟು ಕೈ ತೊಳೆದುಕೊಳ್ಳೋದು ಸುಲಭ, ಅಲ್ವಾ? 'ತರಬೇತಿ ಆಗಿದೆಯಲ್ಲ, ಇನ್ನೂ ಯಾಕೆ ಓದಿಸಿಲ್ಲ' ಅಂತ ನಾಳೆ ನಮ್ಮನ್ನೇ ಕೇಳುತ್ತಾರೆ.

ಅಂದ ಹಾಗೆ, ನಮ್ಮ ಕಡೆಯವರಿಗೆ ತೆಲುಗು ಹಾಳೆ ಕೊಟ್ಟರೆ ಚೆನ್ನಾಗಿ ಓದಿಬಿಡುತ್ತೇವೆ. ಬೇರೆ ಉಪಾಯ ಹುಡುಕಿ.

ಹತ್ತಿಸೀಮೆ ಟೀಚರ್

ಮಾಸ್ತರ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ನಮ್ಮಲ್ಲೂ ಇದೇ ಕಥೆ. ವಿಶೇಷ ಶಿಕ್ಷಕರು ಬೇಕೇ ಬೇಕು, ಅದಕ್ಕೆ ಸಂಘದಲ್ಲಿ ನಾನೂ ಸಹಿ ಹಾಕಿದ್ದೇನೆ. ಆದರೆ ಅವರು ಬರುವವರೆಗೆ ಈ ಹುಡುಗ ನಾಲ್ಕನೇ ತರಗತಿಯಲ್ಲಿ ಕಾಯುತ್ತಾ ಕೂರಲ್ಲ. ಏಳಕ್ಕೆ ಹೋಗುತ್ತಾನೆ, ಆಮೇಲೆ ಹೊಲಕ್ಕೆ ಹೋಗುತ್ತಾನೆ. 71 ಮಕ್ಕಳ ನಡುವೆ ಆಗುವಂಥದ್ದು ನಿಮಗೆ ಏನಾದರೂ ತೋಚಿದರೆ ಹೇಳಿ. ನಿಜವಾಗಿ ಕೇಳುತ್ತಿದ್ದೇನೆ, ಚುಚ್ಚುತ್ತಿಲ್ಲ.

ಗಡಿ ಮಾಸ್ತರ

ಹಲಗೆ ಮೇಲೆ ಬರೆದದ್ದನ್ನೆಲ್ಲ ನಾನು ಎರಡು ಸಲ ಗಟ್ಟಿಯಾಗಿ ಓದುತ್ತೇನೆ. ಸುಮ್ನೆ ಅಭ್ಯಾಸ. ಖರ್ಚಿಲ್ಲ. ಓದು ಬರದವನೂ ಲೆಕ್ಕ ಮಾಡುತ್ತಾನೆ. ಬಾಯಿಪಾಠದ ಪರೀಕ್ಷೆಯನ್ನು ಬಾಯಲ್ಲೇ ತಗೊಳ್ಳುತ್ತೇನೆ. ಐದನೇ ತರಗತಿಯವರನ್ನು ಎರಡನೇ ತರಗತಿಯವರ ಜೊತೆ ಜೋಡಿ ಮಾಡಿ ಕೂರಿಸುತ್ತೇನೆ. ದೊಡ್ಡವನಿಗೆ ಓದು ಬರದಿದ್ದರೂ ಚಿಕ್ಕವನಿಗೆ ಕಲಿಸುವ ನೆಪದಲ್ಲಿ ಮರ್ಯಾದೆಯಿಂದ ಅ ಆ ಓದುತ್ತಾನೆ. ಇದಕ್ಕೆಲ್ಲ ಹೆಸರು ಇದೆಯೋ ಏನೋ.

ಭಾಲ್ಕಿ ಅವ್ವ

ನಾನು ಟೀಚರ್ ಅಲ್ಲ. ಮಗಳು ಆರನೇ ತರಗತಿ. ಎರಡೂ ಕಿವಿ ಮಂದ. ನಿಮ್ಮ ತರಬೇತಿಯಲ್ಲಿ ನನ್ನ ಮಾತೂ ಒಂದು ಹೇಳಿ ಅಂತ ಬರೆಯುತ್ತಿದ್ದೇನೆ.

ಕಿವಿ ಯಂತ್ರ ಅಡಿಪ್ ಯೋಜನೆಯ (ಅಂಗವಿಕಲರಿಗೆ ಉಪಕರಣ ಕೊಡುವ ಕೇಂದ್ರದ ಯೋಜನೆ) ಶಿಬಿರದಲ್ಲಿ ಪುಕ್ಕಟೆ ಸಿಕ್ಕಿತು. ಫೋಟೋ ತೆಗೆದರು, ಸಂತೋಷ. ಅದರ ಜೊತೆ ಕಿವಿಯೊಳಗೆ ಕೂರುವ ಒಂದು ಅಚ್ಚು ಇರುತ್ತದೆ, ಮೋಲ್ಡ್ ಅಂತಾರೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲ ಆಗುತ್ತದೆ, ಯಂತ್ರ ಸಿಳ್ಳೆ ಹೊಡೆಯುತ್ತದೆ. ಇದು ನನಗೆ ಯಾರೂ ಹೇಳಿರಲಿಲ್ಲ. ಸಿಳ್ಳೆ ಬಂದಾಗ ಟೀಚರ್, 'ಅದನ್ನ ತೆಗೆದಿಡು, ಎಲ್ಲರಿಗೂ ತೊಂದರೆ ಆಗ್ತದ' ಅಂದರಂತೆ. ಮಗಳು ತೆಗೆದಳು. ಒಂದು ವರ್ಷ ಅದು ಕಪಾಟಿನಲ್ಲಿ ಇತ್ತು. ಟೀಚರ್ ಕೆಟ್ಟವರಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ, ಅಷ್ಟೇ.

ಆಮೇಲೆ ಒಬ್ಬ ಸರ್ ಬಂದರು. ಅವರು ಮಾಡಿದ್ದು ಇಷ್ಟೇ. ಹಲಗೆ ಕಡೆ ತಿರುಗಿ ಬರೆಯುವಾಗ ಮಾತಾಡುವುದಿಲ್ಲ. ಬರೆದು ಮುಗಿಸಿ, ಮಕ್ಕಳ ಕಡೆ ತಿರುಗಿ, ಆಮೇಲೆ ಹೇಳುತ್ತಾರೆ. ಮಗಳು ತುಟಿ ನೋಡುತ್ತಾಳೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ, ನಿಂತರೆ ಮುಖ ಕತ್ತಲಾಗುತ್ತದೆ. 'ತಿಳೀತಾ?' ಅಂತ ಕೇಳುವುದಿಲ್ಲ. ತಿಳೀತಾ ಅಂದರೆ ನನ್ನ ಮಗಳು ಯಾವಾಗಲೂ ಹೂಂ ಅನ್ನುತ್ತಾಳೆ. 'ನಾನು ಏನು ಹೇಳಿದೆ?' ಅಂತ ಕೇಳುತ್ತಾರೆ.

ವಿಶೇಷ ಶಾಲೆಗೆ ಕಳಿಸಿ ಅಂತ ನಮಗೆ ಬಹಳ ಜನ ಹೇಳಿದರು, ಅದೂ ಮಗಳ ಎದುರಿಗೇ. ಕಿವಿ ಕೇಳಿಸದವಳಿಗೂ ಅಂಥ ಮಾತು ಕೇಳಿಸುತ್ತದೆ ಅಂತ ನಿಮ್ಮ 38 ಜನರಿಗೆ ಹೇಳಿ.

ತಾಂಡಾ ಹುಡುಗ

ನಾನು ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರಾಗಲು ಓದುವ ಡಿಪ್ಲೊಮಾ) ಎರಡನೇ ವರ್ಷ, ಕಲಬುರಗಿ. ಪುಸ್ತಕದಲ್ಲಿ ವ್ಯಾಖ್ಯೆ ಬರೆದು ಅಂಕ ತಗೊಂಡಿದ್ದೇನೆ. ಅಭ್ಯಾಸ ಪಾಠಕ್ಕೆ ಹೋದ ತರಗತಿಯಲ್ಲಿ ಅಂಥ ಮಗು ಇದೆಯಾ ಅಂತ ನನ್ನನ್ನು ಯಾರೂ ಕೇಳಿಲ್ಲ. ಪಾಠ ಯೋಜನೆಯ ಕಾಲಂ ತುಂಬಿದೆಯಾ ಅಂತ ನೋಡಿದರು.

ನನ್ನದೇ ಒಂದು ವಿಷಯ. ಮನೆಯಲ್ಲಿ ನಮ್ಮದು ಲಂಬಾಣಿ. ಒಂದನೇ ತರಗತಿಯಲ್ಲಿ ಇಡೀ ವರ್ಷ ನಾನು ಬಾಯಿ ಬಿಡಲಿಲ್ಲ. ಕನ್ನಡ ಬರುತ್ತಿರಲಿಲ್ಲ, ಅದಕ್ಕೆ. ನನ್ನನ್ನು ಮೂಗರ ಪಟ್ಟಿಗೆ ಸೇರಿಸಿದ್ದರಂತೆ. ಅಪ್ಪ ಶಾಲೆಗೆ ಬಂದು, 'ಮನ್ಯಾಗ ಇವನ ಬಾಯಿ ಮುಚ್ಚಸಾಕ ಆಗೂದಿಲ್ರಿ' ಅಂದ ಮೇಲೆ ಹೆಸರು ತೆಗೆದರು. ಬೈಕ್ ಸರ್ ಹೇಳಿದ ಮೂರು ರಾಶಿಗೆ ಇದನ್ನೂ ಸೇರಿಸಿ. ಮನೆ ಮಾತು ಯಾವುದು ಅಂತ ಮೊದಲು ಕೇಳಲಿ.

ಬೈಕ್ ಮೇಲಿನ ಶಾಲೆ, ಕಲಬುರಗಿ ಜಿಲ್ಲೆ

ಸೇರಿಸಿಕೊಂಡೆ ತಮ್ಮಾ. ಮೊದಲ ರಾಶಿಗೇ ಸೇರಬೇಕಿತ್ತು, ಬಿಟ್ಟುಹೋಗಿತ್ತು. ಗಡಿ ಮಾಸ್ತರ, ನೀವು ಮಾಡುತ್ತಿರುವುದನ್ನೇ ನಾನು ಎರಡು ವರ್ಷ ಡಿಪ್ಲೊಮಾ ಮಾಡಿ ಕಲಿತೆ.

ಹತ್ತಿಸೀಮೆ ಟೀಚರ್ (ಐದು ವಾರದ ಮೇಲೆ)

ಮುಗಿಯಿತು. ಹೇಗಾಯಿತು ಅಂತ ಇಬ್ಬರು ಮೆಸೇಜ್ ಮಾಡಿದ್ದರು, ಇಲ್ಲೇ ಬರೆಯುತ್ತೇನೆ.

ಮೊದಲ ದಿನ ಹತ್ತೂವರೆಗೆ ಕರೆಂಟ್ ಹೋಯಿತು. 64 ಸ್ಲೈಡ್ ಬಿಡಲು ನಾನು ಯಾರ ಅನುಮತಿಯನ್ನೂ ಕೇಳಬೇಕಾಗಲಿಲ್ಲ. 2016ರ ಕಾಯ್ದೆಯಿಂದ ಒಂದೇ ಮಾತು ಹೇಳಿದೆ. 16ನೇ ಸೆಕ್ಷನ್ ಪ್ರಕಾರ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಕಲಿಸೋದು ಶಾಲೆಯ ಹೊಣೆ. ಅಷ್ಟು ಹೇಳಿ ಕನ್ನಡಕದ ಹುಡುಗನ ಕಥೆಗೆ ಹೋದೆ. ಹೇಳುವಾಗ ಗಂಟಲು ಕಟ್ಟಿತು, ನೀರು ಕುಡಿದು ಮುಂದುವರಿಸಿದೆ.

ತೆಲುಗು ಹಾಳೆ ಕೆಲಸ ಮಾಡಿತು, ಅರ್ಧ. ತೆಲುಗು ಬರುವವರು ನಾಲ್ಕು ಜನ ಸಿಕ್ಕರು. ಅವರಿಗೆ ಪಕ್ಕದ ಉರ್ದು ಶಾಲೆಯ ಬಾಜಿ (ಅಕ್ಕಾವರು) ಒಬ್ಬರಿಂದ ಒಂದು ಉರ್ದು ಪುಟ ಇಸಕೊಂಡು ಕೊಟ್ಟೆ. ನಕ್ಕರು. ಆದರೆ ಒಬ್ಬ ಹಿರಿಯ ಹೆಡ್‌ಮಾಸ್ತರು, ನಾನು 'ಜೋರಾಗಿ ಓದಿ' ಅಂದ ಕೂಡಲೇ ಹಾಳೆ ಮೇಜಿನ ಮೇಲಿಟ್ಟು, 'ಈ ವಯಸ್ಸಿನಾಗ ನನ್ನ ಮರ್ಯಾದಿ ತೆಗೀಬ್ಯಾಡ್ರಿ' ಅಂತ ಹೊರಗೆ ಹೋದರು. ನಾನು ಹೆದರಿದೆ. ಅರ್ಧ ಗಂಟೆ ಆದ ಮೇಲೆ ಬಂದು ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂತರು. ಎರಡನೇ ದಿನ ಮೂರು ನೋಟ್‌ಬುಕ್ ತಂದಿದ್ದರು. ಎಲ್ಲರೂ ತಂದಿರಲಿಲ್ಲ, ಅವರು ತಂದಿದ್ದರು.

ನೋಟ್‌ಬುಕ್‌ಗಳ ರಾಶಿ ಮಾಡುವಾಗ ಕೋಣೆಯಲ್ಲಿ ಜಗಳವೇ ಆಯಿತು, ಒಳ್ಳೆಯ ಜಗಳ. 'ಇದು ಗೈರುಹಾಜರಿ', 'ಇಲ್ಲ, ಇವನು ದಿನಾ ಬರ್ತಾನ' ಅಂತ. ಮೂರನೇ ರಾಶಿಗೆ ಉಳಿದಿದ್ದು ಒಂದು ಕೈಯಲ್ಲಿ ಹಿಡಿಯುವಷ್ಟು ಪುಸ್ತಕ. ಭಾಲ್ಕಿ ಅವ್ವ, ನಿಮ್ಮ ಮಾತನ್ನು ಹೇಳಿದೆ. ಸಿಳ್ಳೆಯ ವಿಷಯ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಆಗದೇ ಇದ್ದದ್ದೂ ಹೇಳಬೇಕು. ಬುದ್ಧಿಮಾಂದ್ಯ ಮಕ್ಕಳ ಬಗ್ಗೆ, ಆಟಿಸಂ ಬಗ್ಗೆ ಎರಡನೇ ದಿನ ಸಂಜೆ ನಾಲ್ಕಕ್ಕೆ ಶುರು ಮಾಡಿ ನಾಲ್ಕೂವರೆಗೆ ಮುಗಿಸಿದೆ. ಅದು ಮೋಸವೇ. ಅದಕ್ಕೆ ಬೇರೆ ಎರಡು ದಿನ ಬೇಕು, ನನಗಿಂತ ತಿಳಿದವರು ಬೇಕು. ಬೈಕ್ ಸರ್, ನಿಮ್ಮ ಹೆಸರು ಸೂಚಿಸಲೇ?

ನನ್ನ ಹುಡುಗನ ಕಣ್ಣು ಕಿವಿ ಎರಡೂ ಸರಿ ಇವೆ. ಓದಿ ಹೇಳಿದರೆ ಉತ್ತರ ಕೊಡುತ್ತಾನೆ. ಅವನ ಅವ್ವನಿಗೆ ಯಾವ ಹೆಸರೂ ಹೇಳಿಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗೋಣ ಅಂತ ಮಾತ್ರ ಹೇಳಿದ್ದೇನೆ. ಹತ್ತಿ ಮುಗಿದ ಮೇಲೆ ಬರುತ್ತೇನೆ ಅಂದಿದ್ದಾಳೆ. ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಕೆಂಪು ಬಾಣದ ಕಾರ್ಡ್ ಇಟ್ಟುಕೊಂಡು ಕೂರುತ್ತೇವೆ. ಸೂರ್ಯ, ವರ್ಷ, ಕಾರ್ಯ ಬರುತ್ತಿವೆ. 'ಮಾರ್ಚ್' ಇನ್ನೂ ಇಲ್ಲ.

ಮತ್ತೆ, ಆ ತೆಲುಗು ಹಾಳೆ ಯಾರ ಚೀಲದಲ್ಲಿ ಹೋಯಿತೋ ಗೊತ್ತಿಲ್ಲ. ಜನವರಿಯಲ್ಲಿ ಎರಡನೇ ಬ್ಯಾಚ್ ಇದೆ. ಗಡಿ ಮಾಸ್ತರ, ಮೂರನೇ ತರಗತಿ ತೆಲುಗು ಪುಸ್ತಕ ಇದ್ದರೆ ಒಂದು ಪುಟ ಫೋಟೋ ತೆಗೆದು ಕಳಿಸುತ್ತೀರಾ? ಪೂರ್ತಿ ಕಾಣಲಿ, ಅಂಚು ಕತ್ತರಿಸಬೇಡಿ.